ಬಾಗಿಲು ಮುಚ್ಚಿಕೊಳ್ಳಲು ಕೋಣೆ ಇಲ್ಲದವರ ಪರವಾಗಿ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಭಾಗದ ಸಭೆಗಳ ಹಿರಿಯರಿಗೆ, ಅಯ್ಯನವರಿಗೆ, ಯೌವನಸ್ಥರ ಕೂಟದ ಮುಂದಾಳುಗಳಿಗೆ,



‘ವಾರ್ ರೂಮ್’ ಸಿನಿಮಾ ತೋರಿಸುವುದನ್ನು ಇನ್ನು ನಿಲ್ಲಿಸಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಿಲ್ಲಿಸಲು ಮನಸ್ಸು ಬಾರದಿದ್ದರೆ, ಅದನ್ನು ತೋರಿಸಿದ ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಹೇಳುವ ಮಾತನ್ನಾದರೂ ಬದಲಾಯಿಸಿ.

ಅಮೆರಿಕದಲ್ಲಿ 2015ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಚಿತ್ರ ಅದು. ಇಷ್ಟು ವರ್ಷ ಕಳೆದರೂ ನಮ್ಮ ಕಡೆ ಅದರ ಓಟ ನಿಂತಿಲ್ಲ. ದಂಪತಿಗಳ ಕೂಟಕ್ಕೂ ಅದೇ, ಸ್ತ್ರೀಯರ ಉಪವಾಸ ಪ್ರಾರ್ಥನೆಗೂ ಅದೇ, ಮದುವೆ ಗೊತ್ತಾದ ಹುಡುಗ ಹುಡುಗಿಯನ್ನು ಕೂರಿಸಿಕೊಂಡು ಬುದ್ಧಿ ಹೇಳುವಾಗಲೂ ಅದೇ. ಗಂಡ ಹೆಂಡತಿಗೆ ಸರಿಹೋಗುತ್ತಿಲ್ಲ ಎಂದು ಯಾರಾದರೂ ಹಿರಿಯರ ಮುಂದೆ ಬಂದು ಅತ್ತರೆ ‘ಮೊದಲು ಆ ಸಿನಿಮಾ ನೋಡಮ್ಮ’ ಅನ್ನುವುದು ರೂಢಿಯಾಗಿಬಿಟ್ಟಿದೆ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ಅದನ್ನು ದೊಡ್ಡ ಟಿ.ವಿ.ಯಲ್ಲಿ ಇಂಗ್ಲಿಷಿನಲ್ಲೇ ನೋಡುತ್ತಾರೆ. ನಮ್ಮ ಪೀಣ್ಯದಲ್ಲಿ ಶೀಟಿನ ಮಾಡಿನ ಹಾಲಿನಲ್ಲಿ ಬಿಳಿ ಬೆಡ್‌ಶೀಟ್ ಕಟ್ಟಿ ಪ್ರೊಜೆಕ್ಟರ್ ಹಾಕುತ್ತಾರೆ. ಸ್ವಲ್ಪ ಸ್ವಲ್ಪ ಹೊತ್ತಿಗೆ ಚಿತ್ರ ನಿಲ್ಲಿಸಿ ಒಬ್ಬರು ಮೈಕ್ ಹಿಡಿದು ಕನ್ನಡದಲ್ಲಿ ವಿವರಿಸುತ್ತಾರೆ, ಹಿಂದಿನ ಸಾಲಿನಲ್ಲಿ ಇನ್ನೊಬ್ಬರು ಅದನ್ನೇ ಮೆಲ್ಲಗೆ ತಮಿಳಿಗೆ ದಾಟಿಸುತ್ತಾರೆ. ಭಾನುವಾರದ ಒಂದೇ ಒಂದು ರಜೆಯನ್ನು ಬಿಟ್ಟುಕೊಟ್ಟು, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ನಮ್ಮ ಹೆಂಗಸರು ಅಲ್ಲಿ ಕೂತಿರುತ್ತಾರೆ. ಆ ಮೂರು ಗಂಟೆಗೆ ಬೆಲೆ ಇದೆ. ಅದಕ್ಕೇ ಈ ಮಾತು.

ಚಿತ್ರದ ಕಥೆ ನಿಮಗೆಲ್ಲ ಬಾಯಿಪಾಠ. ಎಲಿಜಬೆತ್ ಮನೆ ಮಾರಿಸಿಕೊಡುವ ಕೆಲಸದವಳು. ಗಂಡ ಟೋನಿ ಔಷಧ ಕಂಪನಿಯ ಮಾರಾಟಗಾರ. ಕೈತುಂಬ ಸಂಪಾದನೆ ಇದ್ದರೂ ಇಬ್ಬರಿಗೂ ಮಾತಿಲ್ಲ, ಮಗಳನ್ನು ಕೇಳುವವರಿಲ್ಲ. ಟೋನಿಯ ಮನಸ್ಸು ಬೇರೊಬ್ಬಳ ಕಡೆ ವಾಲುತ್ತಿದೆ. ಕ್ಲಾರಾ ಎಂಬ ಮುದುಕಿ ತನ್ನ ಮನೆ ಮಾರಲು ಎಲಿಜಬೆತ್‌ಳನ್ನು ಕರೆಸುತ್ತಾಳೆ. ಬಟ್ಟೆ ಇಡುವ ಸಣ್ಣ ಕೋಣೆಯನ್ನು ಖಾಲಿ ಮಾಡಿ, ಗೋಡೆಗೆಲ್ಲ ಪ್ರಾರ್ಥನೆಯ ಚೀಟಿ ಅಂಟಿಸಿರುವುದನ್ನು ತೋರಿಸಿ, ಗಂಡನ ಜೊತೆ ಗುದ್ದಾಡುವುದನ್ನು ಬಿಡು, ಅವನಿಗಾಗಿ ಇಲ್ಲಿ ಕೂತು ಹೋರಾಡು ಅನ್ನುತ್ತಾಳೆ. ಎಲಿಜಬೆತ್ ಹಾಗೇ ಮಾಡುತ್ತಾಳೆ. ಅತ್ತ ಟೋನಿ ಆ ಇನ್ನೊಬ್ಬ ಹೆಂಗಸಿನ ಜೊತೆ ಊಟಕ್ಕೆ ಕೂತಿರುವಾಗಲೇ ಹೊಟ್ಟೆ ತೊಳೆಸಿ ಎದ್ದು ಹೋಗಬೇಕಾಗುತ್ತದೆ. ಕೆಲಸ ಕಳೆದುಕೊಳ್ಳುತ್ತಾನೆ, ಪಶ್ಚಾತ್ತಾಪಪಡುತ್ತಾನೆ, ಕಂಪನಿಯಿಂದ ಕದ್ದಿದ್ದ ಮಾತ್ರೆಗಳನ್ನು ವಾಪಸ್ ಒಪ್ಪಿಸುತ್ತಾನೆ, ಕಂಪನಿಯವರು ಕೇಸು ಹಾಕದೆ ಬಿಡುತ್ತಾರೆ, ಹೊಸ ಕೆಲಸ ಸಿಗುತ್ತದೆ, ಅಪ್ಪ ಮಗಳು ಒಟ್ಟಿಗೆ ಹಗ್ಗದಾಟದ ಸ್ಪರ್ಧೆಗೆ ಇಳಿಯುತ್ತಾರೆ. ಎಲ್ಲವೂ ಸರಿಹೋಗುತ್ತದೆ.

ಈ ಚಿತ್ರ ಮಾಡಿದವರ ಮೇಲೆ ನನಗೆ ಗೌರವವಿದೆ. ಅಲೆಕ್ಸ್ ಕೆಂಡ್ರಿಕ್, ಸ್ಟೀಫನ್ ಕೆಂಡ್ರಿಕ್ ಅಣ್ಣತಮ್ಮಂದಿರು ಜಾರ್ಜಿಯಾದ ಆಲ್ಬನಿ ಎಂಬ ಊರಿನ ಬ್ಯಾಪ್ಟಿಸ್ಟ್ ಸಭೆಯಲ್ಲಿ ಸೇವೆ ಮಾಡುತ್ತಿದ್ದವರು. 2006ರ ‘ಫೇಸಿಂಗ್ ದ ಜೈಂಟ್ಸ್’ ಚಿತ್ರವನ್ನು ಬರೀ 1 ಲಕ್ಷ ಡಾಲರ್‌ನಲ್ಲಿ, ಸಭೆಯವರನ್ನೇ ನಟರನ್ನಾಗಿ ಮಾಡಿಕೊಂಡು ತೆಗೆದರು. ‘ವಾರ್ ರೂಮ್’ಗೆ ಹಿಡಿದದ್ದು ಸುಮಾರು 30 ಲಕ್ಷ ಡಾಲರ್. ಉತ್ತರ ಅಮೆರಿಕ ಒಂದರಲ್ಲೇ 6 ಕೋಟಿ 70 ಲಕ್ಷ ಡಾಲರ್‌ಗೂ ಹೆಚ್ಚು ಗಳಿಸಿತು, ಎರಡನೇ ವಾರಾಂತ್ಯದಲ್ಲಿ ದೊಡ್ಡ ಸ್ಟುಡಿಯೋಗಳ ಚಿತ್ರಗಳನ್ನು ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಬಂತು. ಕಪ್ಪು ಜನಾಂಗದ ಕುಟುಂಬವೊಂದನ್ನು ಕಥೆಯ ನಡುವೆ ಇಟ್ಟಿತು. ಕ್ಲಾರಾ ಆಗಿ ಕ್ಯಾರನ್ ಅಬರ್‌ಕ್ರೋಂಬಿಯ ನಟನೆಯಲ್ಲಿ ಜೀವ ಇದೆ. ಇಷ್ಟನ್ನೂ ಒಪ್ಪುತ್ತೇನೆ. ಆದರೆ ಪ್ರಾರ್ಥನೆಯ ಮೇಲೆ ಇದಕ್ಕಿಂತ ಒಳ್ಳೆಯ ಚಿತ್ರ ಇಲ್ಲ ಎಂದು ನಾವು ಕೊಂಡಾಡುತ್ತೇವಲ್ಲ, ಆ ಯೋಗ್ಯತೆ ಅದಕ್ಕಿಲ್ಲ.

ಮೊದಲು ಆ ಕೋಣೆಯ ಮಾತು. ರಾಜಗೋಪಾಲನಗರ, ಲಗ್ಗೆರೆ, ದಾಸರಹಳ್ಳಿಯ ಒಳರಸ್ತೆಗಳ ಮನೆಗಳನ್ನು ನೀವೇ ನೋಡಿದ್ದೀರಿ, ಮನೆ ಪ್ರಾರ್ಥನೆಗೆ ಬಂದಿದ್ದೀರಿ. ಹತ್ತಡಿ ಅಗಲದ ಒಂದು ಕೋಣೆ. ಒಂದು ಮೂಲೆಯಲ್ಲಿ ಗ್ಯಾಸ್ ಸ್ಟವ್, ಇನ್ನೊಂದರಲ್ಲಿ ಬೀರು, ಮೇಲೆ ಅಟ್ಟದ ತುಂಬ ಪಾತ್ರೆ, ಸೂಟ್‌ಕೇಸು, ಹಳೇ ಫ್ಯಾನು. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಬೆಳಿಗ್ಗೆ ಎಂಟಕ್ಕೆ ಮಲಗಿದರೆ ಮಕ್ಕಳಿಗೆ ಜೋರಾಗಿ ಮಾತಾಡುವಂತಿಲ್ಲ. ಬಚ್ಚಲು ವಠಾರಕ್ಕೆಲ್ಲ ಒಂದೇ. ಚಿತ್ರ ಮುಗಿದ ಮೇಲೆ ಮೈಕ್ ಹಿಡಿದವರು ‘ನಾಳೆಯಿಂದ ಪ್ರತಿ ಮನೆಯಲ್ಲೂ ಒಂದು ವಾರ್ ರೂಮ್ ಇರಬೇಕು’ ಅಂದಾಗ ನನ್ನ ಪಕ್ಕದಲ್ಲಿದ್ದ ಅಜ್ಜಿ ಸುಮ್ಮನೆ ಸೆರಗು ಸರಿಮಾಡಿಕೊಂಡರು. ಅವರು ಪ್ರತಿದಿನ ಪ್ರಾರ್ಥಿಸುವುದು ನಸುಕಿನಲ್ಲಿ ಟೆರೇಸಿನ ನೀರಿನ ಟ್ಯಾಂಕಿನ ಮರೆಯಲ್ಲಿ. ಇನ್ನೊಬ್ಬರು ಬಿ.ಎಂ.ಟಿ.ಸಿ. ಬಸ್ಸಿನ ಕಿಟಕಿ ಪಕ್ಕ ಕಣ್ಣು ಮುಚ್ಚುತ್ತಾರೆ. ಹೊಲಿಗೆ ಮಿಷನ್ ಮುಂದೆ ಕೂತು, ಕಾಲರು ಜೋಡಿಸುತ್ತಲೇ ಮನಸ್ಸಿನಲ್ಲಿ ಬೇಡಿಕೊಳ್ಳುವವರು ಎಷ್ಟು ಜನ. ಯೇಸು ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊ ಎಂದದ್ದು ಬೀದಿ ಮೂಲೆಯಲ್ಲಿ ನಿಂತು ನಾಲ್ಕು ಜನ ನೋಡಲಿ ಎಂದು ಪ್ರಾರ್ಥಿಸುವವರನ್ನು ಕುರಿತು. ಅವನೇ ಪ್ರಾರ್ಥಿಸಲು ಹೋಗುತ್ತಿದ್ದದ್ದು ಬೆಟ್ಟಕ್ಕೆ, ಜನರಿಲ್ಲದ ಬಯಲಿಗೆ. ಗೋಡೆಯ ತುಂಬ ಅಂದವಾಗಿ ಅಂಟಿಸಿದ ಚೀಟಿಗಳ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದನ್ನು ನಮ್ಮ ಎಲೆಕ್ಟ್ರಾನಿಕ್ ಸಿಟಿಯ ಹುಡುಗರಿಗೆ ಈ ಚಿತ್ರ ಕಲಿಸಿದೆ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ ಹೇಳುವುದಕ್ಕೆ ಇದು ನೇರ ವಿರುದ್ಧ.

ಇದನ್ನಾದರೂ ಸಹಿಸಿಕೊಳ್ಳಬಹುದು. ಸಹಿಸಿಕೊಳ್ಳಲಾಗದ್ದು ಮುಂದಿದೆ.

ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ತಂಗಿ ನಮ್ಮ ಸ್ತ್ರೀ ಕೂಟಕ್ಕೆ ಬರುತ್ತಾಳೆ. ಗಂಡ ಕುಡಿಯುತ್ತಾನೆ, ಸಂಬಳದ ದಿನ ಅವಳ ಎ.ಟಿ.ಎಂ. ಕಾರ್ಡ್ ಕಿತ್ತುಕೊಳ್ಳುತ್ತಾನೆ, ಹೊಡೆಯುತ್ತಾನೆ. ಅವಳು ಸಭೆಯ ಹಿರಿಯರ ಹತ್ತಿರ ಹೋಗಿದ್ದಳು. ಆ ಚಿತ್ರ ತೋರಿಸಿ, ಎಲಿಜಬೆತ್ ಹಾಗೆ ಪ್ರಾರ್ಥಿಸು, ಎದುರು ಮಾತಾಡಬೇಡ, ಕರ್ತನು ನೋಡಿಕೊಳ್ಳುತ್ತಾನೆ ಎಂದು ಹೇಳಿ ಕಳಿಸಿದರು. ಅವಳು ನಂಬಿದಳು. ಬಾಯಿ ಕಟ್ಟಿಕೊಂಡಳು, ಉಪವಾಸ ಮಾಡಿದಳು, ಬೀರುವಿನ ಒಳಬಾಗಿಲಿಗೆ ಚೀಟಿ ಅಂಟಿಸಿದಳು. ಅದನ್ನು ನೋಡಿದ ಗಂಡ ಅದಕ್ಕೂ ಹೊಡೆದ. ಕಣ್ಣಿನ ಕೆಳಗೆ ನೀಲಿಗಟ್ಟಿದ್ದ ಮುಖ ಹೊತ್ತು ಬಂದು ನನ್ನನ್ನು ಕೇಳಿದಳು: ‘ಅಕ್ಕಾ, ಅವಳ ಗಂಡನಿಗೆ ಹೊಟ್ಟೆನೋವು ಬಂತಲ್ಲ, ನಮ್ಮನೆಯವರಿಗೆ ಯಾಕೆ ಬರಲಿಲ್ಲ? ನನ್ನ ಪ್ರಾರ್ಥನೆಯಲ್ಲಿ ಏನು ಕಮ್ಮಿ ಆಯ್ತು?’

ಹಿರಿಯರೇ, ಈ ಪ್ರಶ್ನೆಯನ್ನು ಅವಳ ಬಾಯಿಗೆ ಹಾಕಿದ್ದು ಆ ಚಿತ್ರ, ಮತ್ತು ಅದನ್ನು ಔಷಧದ ಚೀಟಿಯಂತೆ ಬರೆದುಕೊಟ್ಟ ನಾವು.

ಟೋನಿ ಹೆಂಡತಿಯನ್ನು ಹೊಡೆಯುವ ಗಂಡನಲ್ಲ, ನಿಜ. ಅಸಡ್ಡೆಯ ಗಂಡ. ಅಂಥ ಮನೆಯಲ್ಲಿ ವಾದ ನಿಲ್ಲಿಸಿ ಪ್ರಾರ್ಥಿಸುವುದರಿಂದ ಒಳ್ಳೆಯದಾಗಬಹುದು. ಹೊಡೆತ ತಿನ್ನುವ ಹೆಂಗಸು ಏನು ಮಾಡಬೇಕು ಎಂಬ ವಿಷಯವನ್ನು ಚಿತ್ರ ಎತ್ತಿಕೊಳ್ಳುವುದೇ ಇಲ್ಲ. ಎತ್ತಿಕೊಳ್ಳದ ವಿಷಯಕ್ಕೆ ಅದರಿಂದ ಉತ್ತರ ಹಿಂಡಿದ್ದು ನಾವು. ಹಾಗೆ ಹಿಂಡಲು ದಾರಿ ಮಾಡಿಕೊಟ್ಟಿದ್ದು ಚಿತ್ರದ ಹೆಣಿಗೆಯೇ. ಅಲ್ಲಿ ಬೇಡಿಕೆ ಎತ್ತಿದರೆ ಮುಂದಿನ ದೃಶ್ಯದಲ್ಲಿ ಉತ್ತರ. ಒಂದು ದೃಶ್ಯದಲ್ಲಿ ಚಾಕು ಹಿಡಿದು ಅಡ್ಡಗಟ್ಟಿದ ಕಳ್ಳನಿಗೆ ಕ್ಲಾರಾ ಯೇಸುವಿನ ಹೆಸರಿನಲ್ಲಿ ಆಜ್ಞೆ ಮಾಡುತ್ತಾಳೆ, ಅವನು ಓಡಿಹೋಗುತ್ತಾನೆ. ಎರಡನೇ ಪಾಳಿ ಮುಗಿಸಿ ಬೀದಿದೀಪವಿಲ್ಲದ ಕ್ರಾಸ್‌ನಲ್ಲಿ ನಡೆದು ಬರುವ ನಮ್ಮ ಹುಡುಗಿಯರು ಆ ದೃಶ್ಯ ನೋಡಿ ಚಪ್ಪಾಳೆ ಹೊಡೆಯುತ್ತಾರೆ. ಅವರಲ್ಲಿ ಒಬ್ಬಳಿಗೆ ಅಂಥ ಹೊತ್ತು ಬಂದು, ಎದುರಿಗೆ ನಿಂತವನು ಓಡದೇ ಹೋದರೆ, ಅವಳು ತನ್ನ ನಂಬಿಕೆಯಲ್ಲಿ ದೋಷ ಇತ್ತು ಎಂದುಕೊಳ್ಳಬೇಕೆ?

ಸತ್ಯವೇದದಲ್ಲಿ ಹೀಗಿಲ್ಲ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಸಂಗತಿ. ಗೆತ್ಸೇಮನೆ ತೋಟದಲ್ಲಿ ಯೇಸು ಸಂಕಟದ ಪಾತ್ರೆ ತನ್ನಿಂದ ತೊಲಗಲಿ ಎಂದು ಬೆವರು ಸುರಿಸಿ ಬೇಡಿದ, ಅದು ತೊಲಗಲಿಲ್ಲ. ಪೌಲ ಮೂರು ಸಲ ಬೇಡಿದರೂ ಶರೀರದಲ್ಲಿ ನಾಟಿದ ಶೂಲ ಹೋಗಲಿಲ್ಲ. 88ನೇ ಕೀರ್ತನೆ ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ವೇದದಿಂದ ತೆಗೆದುಹಾಕಲಿಲ್ಲ. ಯೋಬನ ಗೆಳೆಯರು ಅವನ ಮಗ್ಗುಲಲ್ಲಿ ಕೂತು, ನಿನ್ನಲ್ಲಿ ಏನೋ ತಪ್ಪಿರಬೇಕು, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಉದ್ದುದ್ದ ಬೋಧಿಸಿದರು. ಕೊನೆಯಲ್ಲಿ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ. ಗಾರ್ಮೆಂಟ್ಸ್ ತಂಗಿಗೆ ನಮ್ಮವರು ಹೇಳಿದ್ದು ಯೋಬನ ಗೆಳೆಯರ ಮಾತು.

ಬಿಡದೆ ಪ್ರಾರ್ಥಿಸಬೇಕು ಎಂಬುದಕ್ಕೆ ಯೇಸುವೇ ಹೇಳಿದ ಸಾಮ್ಯ ಲೂಕನ 18ನೇ ಅಧ್ಯಾಯದಲ್ಲಿದೆ. ಅದರಲ್ಲಿ ಇರುವವಳು ಒಬ್ಬ ವಿಧವೆ. ಅವಳು ಕೋಣೆಯಲ್ಲಿ ಕೂತಿಲ್ಲ. ಅನ್ಯಾಯಗಾರನಾದ ನ್ಯಾಯಾಧಿಪತಿಯ ಬಳಿಗೆ ಹೋಗಿ ನನಗೆ ನ್ಯಾಯ ಕೊಡಿಸು ಎಂದು ಪೀಡಿಸುತ್ತಾಳೆ, ಅವನು ಬೇಸತ್ತು ಕೊಡುವ ತನಕ ಬಿಡುವುದಿಲ್ಲ. ಪ್ರಾರ್ಥನೆಗೆ ಯೇಸು ಕೊಟ್ಟ ಮಾದರಿ ಕೋರ್ಟಿನ ಮೆಟ್ಟಿಲು ಹತ್ತಿದ ಹೆಂಗಸು! ಅಬೀಗೈಲಳನ್ನೂ ನೆನೆಯಿರಿ. ನಾಬಾಲನಂಥ ಒರಟನ ಹೆಂಡತಿ. ಮನೆಗೆ ಅಪಾಯ ಬಂದಾಗ 200 ರೊಟ್ಟಿ, ದ್ರಾಕ್ಷಾರಸ, ಕುರಿ, ಹುರಿದ ಕಾಳು ಎಲ್ಲವನ್ನೂ ಕತ್ತೆಗಳ ಮೇಲೆ ಹೇರಿಸಿ, ಗಂಡನಿಗೆ ಒಂದು ಮಾತೂ ಹೇಳದೆ ದಾವೀದನನ್ನು ಎದುರುಗೊಳ್ಳಲು ಹೊರಟಳು. ವೇದ ಅವಳನ್ನು ಬುದ್ಧಿವಂತೆ ಅನ್ನುತ್ತದೆ. ಸ್ತ್ರೀ ಕೂಟದಲ್ಲಿ ಈ ಇಬ್ಬರ ಮೇಲೆ ಪ್ರಸಂಗ ಕೇಳಿ ಎಷ್ಟು ಕಾಲವಾಯಿತು?

ಚಿತ್ರದೊಳಗೇ ಒಂದು ಸತ್ಯವಾದ ಕಥೆ ಇದೆ, ಗಮನಿಸಿದ್ದೀರೋ ಇಲ್ಲವೋ. ಕ್ಲಾರಾಳ ಗಂಡ ಸೈನಿಕ. ಅವರಿಬ್ಬರ ಸಂಸಾರ ಕೆಟ್ಟಿತ್ತು. ಸರಿಪಡಿಸುವ ಮುಂಚೆಯೇ ಅವನು ತೀರಿಕೊಂಡ. ನಾನು ಆಗ ಪ್ರಾರ್ಥಿಸಲಿಲ್ಲ, ಹೊತ್ತು ಮೀರಿತು ಎಂಬ ಸಂಕಟದಲ್ಲಿ ಅವಳು ಹತ್ತಾರು ವರ್ಷ ಬದುಕಿದ್ದಾಳೆ. ಆ ನಷ್ಟದ ಜೊತೆ ಬದುಕುತ್ತಲೇ ಆ ಸಣ್ಣ ಕೋಣೆಯಲ್ಲಿ ಒಬ್ಬಳೇ ಏನು ಹೇಳಿಕೊಂಡಳು, ಯಾವ ರಾತ್ರಿ ಬಾಯಿಂದ ಮಾತೇ ಹೊರಡಲಿಲ್ಲ, ದೇವರ ಮೇಲೆ ಮುನಿಸಿಕೊಂಡಳೇ? ಪ್ರಾರ್ಥನೆಯ ಬಗ್ಗೆ ಒಂದು ದೊಡ್ಡ ಚಿತ್ರ ಅಲ್ಲಿತ್ತು. ನಿರ್ದೇಶಕರ ಕೈಯಲ್ಲೇ ಇತ್ತು, ಆ ನಟಿಯೂ ಇದ್ದರು. ಕೆಲವೇ ನಿಮಿಷಗಳ ಮಾತಿನಲ್ಲಿ ಮುಗಿಸಿ ಮತ್ತೆ ಟೋನಿಯ ಗೆಲುವಿನ ಕಡೆ ಓಡಿದರು. ನನ್ನ ನಿರಾಸೆಯ ಬೇರು ಇಲ್ಲಿದೆ. ಕೆಟ್ಟ ಚಿತ್ರವಾಗಿದ್ದರೆ ಬಿಟ್ಟುಬಿಡುತ್ತಿದ್ದೆ.

ಯೌವನಸ್ಥರ ಕೂಟದವರಿಗೆ ಒಂದು ಮಾತು. ನೀವು ಪದೇಪದೇ ಹಾಕುವ ‘ಗಾಡ್ಸ್ ನಾಟ್ ಡೆಡ್’ (2014) ನನಗೆ ಇದಕ್ಕಿಂತ ಹೆಚ್ಚು ತೊಂದರೆ ಕೊಟ್ಟಿದೆ. ಅದರಲ್ಲಿ ದೇವರನ್ನು ನಂಬದ ಪ್ರೊಫೆಸರ್ ಕ್ರೂರಿ, ಮುಸಲ್ಮಾನ ಅಪ್ಪ ಮಗಳನ್ನು ಹೊಡೆದು ಹೊರಗೆ ಹಾಕುವವನು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಿಮ್ಮ ಪಕ್ಕದ ಸೀಟಿನಲ್ಲಿ ಕೂರುವವರು ಹೀಗಿದ್ದಾರೆಯೇ? ನಿಮ್ಮ ಅಮ್ಮ ಆಸ್ಪತ್ರೆಯಲ್ಲಿದ್ದಾಗ ರಕ್ತ ಕೊಡಲು ಬಂದವರು ಯಾರು ಎಂದು ಯೋಚಿಸಿ. ನೆರೆಯವರನ್ನು ಹೀಗೆ ತೋರಿಸುವ ಚಿತ್ರವನ್ನು ನೋಡಿ ನಮ್ಮ ಸಾಕ್ಷಿ ಗಟ್ಟಿಯಾಗುವುದಿಲ್ಲ. ಅದೂ ಈ ಕಾಲದಲ್ಲಿ, ನಮ್ಮ ಪ್ರಾರ್ಥನಾ ಮನೆಗಳನ್ನೇ ಅನುಮಾನದಿಂದ ನೋಡುವವರು ಇರುವಾಗ, ಮತ್ತೊಬ್ಬರನ್ನು ಅನುಮಾನದಿಂದ ನೋಡುವುದನ್ನು ನಮ್ಮ ಮಕ್ಕಳಿಗೆ ನಾವೇ ಕಲಿಸಬಾರದು.

‘ಹಾಗಾದರೆ ಏನು ತೋರಿಸೋಣ, ನಮ್ಮವರು ಮಾಡುವುದೇ ಇಷ್ಟು’ ಎಂದು ನೀವು ಕೇಳುತ್ತೀರಿ. ಚಿತ್ರ ‘ನಮ್ಮದು’ ಎಂದ ಕೂಡಲೇ ಅಳತೆಗೋಲನ್ನು ಮಡಚಿಡುವುದನ್ನು ಬಿಟ್ಟರೆ ಬೇಕಾದಷ್ಟಿದೆ. ಟೆರೆನ್ಸ್ ಮಾಲಿಕ್ ನಿರ್ದೇಶಿಸಿದ ‘ಎ ಹಿಡನ್ ಲೈಫ್’ (2019) ನೋಡಿ. ಫ್ರಾನ್ಸ್ ಯೇಗರ್‌ಸ್ಟೆಟರ್ ಎಂಬ ಆಸ್ಟ್ರಿಯಾದ ರೈತ ಹಿಟ್ಲರನ ಹೆಸರಿನಲ್ಲಿ ಪ್ರಮಾಣ ಮಾಡಲು ಒಪ್ಪಲಿಲ್ಲ. 1943ರ ಆಗಸ್ಟ್ 9ರಂದು ಅವನ ತಲೆ ಕಡಿದರು. ಅವನೂ ಹೆಂಡತಿಯೂ ಪ್ರಾರ್ಥಿಸುತ್ತಲೇ ಇದ್ದರು, ಸೆರೆಯಿಂದ ಬಿಡುಗಡೆಯಾಗಲಿಲ್ಲ, ನಂಬಿಕೆ ಸಾಯಲಿಲ್ಲ. ಊರಿನವರೆಲ್ಲ ಬೆನ್ನು ತಿರುಗಿಸಿದ ಮೇಲೂ ಆ ಹೆಂಗಸು ಹೊಲ ಉಳುವುದನ್ನು ನೋಡಿದರೆ ನಮ್ಮ ತಂಗಿಗೆ ತನ್ನ ಜೊತೆ ಯಾರೋ ಇದ್ದಾರೆ ಅನ್ನಿಸುತ್ತದೆ. ಪ್ರಾರ್ಥನೆಗೆ ಅದ್ಭುತವಾದ ಉತ್ತರ ಸಿಗುವ ಚಿತ್ರವೇ ಬೇಕೆಂದರೆ ಡೆನ್ಮಾರ್ಕಿನ ಕಾರ್ಲ್ ಡ್ರೇಯರ್ 1955ರಲ್ಲಿ ಮಾಡಿದ ‘ಓರ್ಡೆಟ್’ ಇದೆ. ಸತ್ತ ಬಾಣಂತಿ ಎದ್ದು ಕೂರುತ್ತಾಳೆ. ಆದರೆ ಅದಕ್ಕೂ ಮುಂಚೆ ಸಂಶಯ, ಮತಭೇದದ ಜಗಳ, ಸಾವಿನ ಮನೆಯ ಭಾರ ಎಲ್ಲವನ್ನೂ ನಾವು ಹೊರಬೇಕಾಗುತ್ತದೆ. ನಿಧಾನವಾಗಿ ಸಾಗುವ ಚಿತ್ರ, ಯಾರಾದರೂ ಪಕ್ಕದಲ್ಲಿ ಕೂತು ವಿವರಿಸಬೇಕು. ಮೈಕ್ ಹಿಡಿಯುವ ಅಣ್ಣನಿಗೆ ಅದೇನು ಹೊಸತಲ್ಲ.

ಇಷ್ಟು ದೂರ ಹೋಗುವುದೂ ಬೇಡ. ಲಿಜೊ ಜೋಸ್ ಪೆಲ್ಲಿಶ್ಶೇರಿಯವರ ‘ಈ.ಮ.ಯೌ.’ (2018) ಕೇರಳದ ಚೆಲ್ಲಾನಂ ಕಡಲತೀರದ ಬಡ ಕೆಥೋಲಿಕರ ಕಥೆ. ಅಪ್ಪನಿಗೆ ಅದ್ದೂರಿಯಾಗಿ ಮಣ್ಣು ಮಾಡುತ್ತೇನೆಂದು ಮಾತು ಕೊಟ್ಟ ಮಗ, ಹೂಳಲು ಒಪ್ಪದ ಪಾದ್ರಿ, ಎಡೆಬಿಡದ ಮಳೆ. ನಮ್ಮ ಸಭೆಗಳಲ್ಲೂ ಇಂಥ ಸಾವುಗಳನ್ನು ಕಂಡಿದ್ದೇವೆ. ಇನ್ನು ನಮ್ಮ ಕನ್ನಡದಲ್ಲಿ, 2025ರ ಜನವರಿಯಲ್ಲಿ ತೀರಿಕೊಂಡ ನಾ. ಡಿಸೋಜ ಇದ್ದರಲ್ಲ. ಸಾಗರದಲ್ಲಿ ಕೂತು ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಬರೆದರು. ಮುಳುಗಡೆಯಾಗುವ ಊರಿನ ಸಂಕಟವನ್ನು ‘ದ್ವೀಪ’ದಲ್ಲಿ ಬರೆದರು, ಗಿರೀಶ ಕಾಸರವಳ್ಳಿ ಅದನ್ನು ಚಿತ್ರ ಮಾಡಿ ರಾಷ್ಟ್ರಪ್ರಶಸ್ತಿ ತಂದರು. ಒಬ್ಬ ಕ್ರೈಸ್ತ ಲೇಖಕ ತನ್ನ ಪಕ್ಕದ ಹಿಂದೂ ಕುಟುಂಬದ ನೋವನ್ನು ಅಷ್ಟು ಒಳಗಿನಿಂದ ಕಂಡದ್ದು ನನ್ನ ಮಟ್ಟಿಗೆ ದೊಡ್ಡ ಸಾಕ್ಷಿ. ಕನಕಪುರದ ಹತ್ತಿರದ ಹಾರೋಬೆಲೆಯಲ್ಲಿ ಊರಿನವರೇ ಸೇರಿ ಆಡುವ ಯೇಸುವಿನ ಯಾತನೆಯ ನಾಟಕ ತಲೆಮಾರುಗಳಿಂದ ನಡೆದುಬಂದಿದೆ. ನಮ್ಮ ಪ್ರೊಟೆಸ್ಟೆಂಟ್ ಸಭೆಗಳವರು ಅಲ್ಲಿಗೆ ಹೋಗುವುದು ಅಪರೂಪ. ಒಂದು ಬಸ್ಸು ಮಾಡಿಕೊಂಡು ಹೋಗಬಹುದು. ಕೆಲಸ ಮುಗಿಸಿ ಬಂದು ಮಾತು ಕಲಿತು ವೇಷ ಹಾಕುವ ಜನ ಆ ನೋವಿನ ಮುಂದೆ ಹೇಗೆ ನಿಲ್ಲುತ್ತಾರೆ ಎಂದು ನೋಡಬಹುದು.

ಕೊನೆಗೆ, ಆ ತಂಗಿಯ ವಿಷಯ. ಅವಳಿಗೆ ನಾವು ಹೇಳಬೇಕಾದ್ದನ್ನು ಯಾವ ಸಿನಿಮಾವೂ ಹೇಳುವುದಿಲ್ಲ, ನೀವೇ ಬಾಯಿಬಿಟ್ಟು ಹೇಳಬೇಕು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ 2005ರದ್ದು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಅದರ ರಕ್ಷಣಾಧಿಕಾರಿಗಳು, ಅವರ ಬಳಿ ದೂರು ಕೊಡಬಹುದು. ಮನೆಯಿಂದ ಹೊರಹಾಕದಂತೆ, ಹೊಡೆಯದಂತೆ ಕೋರ್ಟಿನಿಂದ ಆದೇಶ ಪಡೆಯಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕಾನೂನಿನ ಈ ಆಸರೆ ಇದೆ ಎಂದು ಕ್ರೈಸ್ತ ಹೆಂಗಸರು ತಿಳಿಯುವುದು ಇನ್ನೂ ಮುಖ್ಯ. 1869ರ ವಿಚ್ಛೇದನ ಕಾಯ್ದೆಯ ಪ್ರಕಾರ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಸಾಕಿತ್ತು. ಹೆಂಡತಿಯಾದರೆ ವ್ಯಭಿಚಾರದ ಜೊತೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಬರೀ ಹೊಡೆತ ಸಾಲದು ಎಂದು ಕಾನೂನೇ ಹೇಳುತ್ತಿತ್ತು. 2001ರ ತಿದ್ದುಪಡಿ ಬರುವ ತನಕ ನೂರ ಮೂವತ್ತು ವರ್ಷ ನಮ್ಮ ಅಜ್ಜಿಯಂದಿರು, ಅಮ್ಮಂದಿರು ಇದರಡಿಯಲ್ಲಿ ಬದುಕಿದರು. ಅದನ್ನು ಬದಲಾಯಿಸಿದ್ದು ಪ್ರಾರ್ಥಿಸುತ್ತಲೇ ಕೋರ್ಟಿಗೆ, ಸಂಸತ್ತಿನ ಬಾಗಿಲಿಗೆ ಅಲೆದ ಹೆಂಗಸರು.

ನನ್ನ ಬೇಡಿಕೆ ಸಣ್ಣದು. ಮುಂದಿನ ದಂಪತಿಗಳ ಕೂಟಕ್ಕೆ ಚಿತ್ರ ಗೊತ್ತುಮಾಡುವಾಗ ಸ್ತ್ರೀ ಕೂಟದಿಂದ ಇಬ್ಬರನ್ನು, ಒಬ್ಬಳನ್ನಾದರೂ ಕಾರ್ಖಾನೆಗೆ ಹೋಗುವವಳನ್ನು, ಆ ಮೇಜಿನ ಸುತ್ತ ಕೂರಿಸಿಕೊಳ್ಳಿ. ಚಿತ್ರ ಮುಗಿದ ಮೇಲೆ ಮೈಕನ್ನು ಅವರ ಕೈಗೂ ಕೊಡಿ. ಸಭೆಯ ನೋಟಿಸ್ ಬೋರ್ಡಿನಲ್ಲಿ ಆರಾಧನೆಯ ಸಮಯದ ಪಕ್ಕದಲ್ಲಿ 181 ಎಂದು ದಪ್ಪಕ್ಷರದಲ್ಲಿ ಬರೆಸಿ. ಹೊಡೆತ ತಿಂದು ಬಂದವಳಿಗೆ ಆ ರಾತ್ರಿ ಮಲಗಲು ಸಭೆಯ ಯಾರ ಮನೆಯ ಬಾಗಿಲು ತೆರೆದಿರುತ್ತದೆ ಎಂಬುದನ್ನು ಈಗಲೇ ನಿರ್ಧಾರ ಮಾಡಿಡಿ. ನಮ್ಮ ಮನೆಯ ಬಾಗಿಲು ತೆರೆದಿದೆ, ಪಟ್ಟಿಯಲ್ಲಿ ಮೊದಲು ನಮ್ಮದನ್ನು ಬರೆದುಕೊಳ್ಳಿ.

ಕ್ರಿಸ್ತನಲ್ಲಿ ನಿಮ್ಮ ಸಹೋದರಿ,
ಪೀಣ್ಯ ಎರಡನೇ ಹಂತ